ಸೈಲೆನ್ಸರ್ ಇರಲಿ, ಮೊದಲು ಟೈರ್ ನೋಡಿ

ಪ್ರಶ್ನೆ: ನನ್ನ ಹತ್ತಿರ 2019ರ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಇದೆ. 26 ಸಾವಿರ ಕಿ.ಮೀ. ಓಡಿದೆ. ವಾರಕ್ಕೆರಡು ಸಲ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬರುತ್ತೇನೆ. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಹೊರಟರೆ, ಗುಂಡಿ ಸಿಕ್ಕಾಗ ಅವರಿಗೆ ಸೊಂಟ ಹಿಡಿಯುತ್ತದೆ. ಅಪ್‌ಗ್ರೇಡ್‌ಗೆ ಅಂತ 40 ಸಾವಿರ ಎತ್ತಿಟ್ಟಿದ್ದೇನೆ. ಸೈಲೆನ್ಸರಿನಿಂದ ಶುರು ಮಾಡು ಅಂತಾರೆ ಗೆಳೆಯರು. ಏನು ಮಾಡಲಿ? ಗಾಡಿ ಮಾರಿಬಿಡಲಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾರಬೇಡಿ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ್ದರೆ, ಆ ಎರಡು ಸಿಲಿಂಡರಿನ ಎಂಜಿನ್ನಿಗೆ 26 ಸಾವಿರ ಏನೇನೂ ಅಲ್ಲ.

ಸೈಲೆನ್ಸರಿಗೆ ಕೈ ಹಾಕಬೇಡಿ. ನಿಮ್ಮ ಗಾಡಿಯ ಆ ಗುಡುಗುಡು ಸದ್ದು ಹುಟ್ಟುವುದು 270 ಡಿಗ್ರಿ ಕ್ರ್ಯಾಂಕಿನಿಂದ (ಎಂಜಿನ್ನಿನೊಳಗೆ ಪಿಸ್ಟನ್‌ಗಳು ತಿರುಗಿಸುವ ದಂಡ). ಆ ಸದ್ದು ಈಗಾಗಲೇ ಚೆನ್ನಾಗಿದೆ, ಅಲ್ವಾ? ಸದ್ದು ಜಾಸ್ತಿ ಮಾಡುವ ಸೈಲೆನ್ಸರ್ ಹಾಕಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಪ್ಪಾಗುತ್ತದೆ. ಪೊಲೀಸರು ಹಿಡಿದರೆ ದಂಡ ಬೇರೆ.

ದುಡ್ಡು ನೆಲದಿಂದ ಮೇಲಕ್ಕೆ ಖರ್ಚಾಗಲಿ. ಮೊದಲು ಟೈರ್. ಟೈರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಗೂಡಿನೊಳಗೆ ನಾಲ್ಕು ಅಂಕಿ ಒತ್ತಿರುತ್ತಾರೆ. 2219 ಅಂತಿದ್ದರೆ ಅದು 2019ರ 22ನೇ ವಾರ ತಯಾರಾದ ಟೈರ್. ಗಾಡಿ ಜೊತೆ ಬಂದ ಟೈರೇ ಇನ್ನೂ ಇದ್ದರೆ, ಗೆರೆ ಆಳವಾಗಿ ಕಂಡರೂ ಬದಲಿಸಿ. ನಮ್ಮ ಕಡೆಯ ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ, ಮೊದಲ ಮಳೆಯಲ್ಲೇ ಜಾರುತ್ತದೆ. ಅಳತೆ ಮಾತ್ರ ಬದಲಾಗಬಾರದು: ಮುಂದೆ 100/90-18, ಹಿಂದೆ 130/70-18. ದಪ್ಪ ಟೈರ್ ನೋಡೋಕೆ ಚೆಂದ, ತಿರುವಿನಲ್ಲಿ ಭಾರ.

ನಿಮ್ಮದು ಕಡ್ಡಿ ಚಕ್ರ, ಒಳಗೆ ಟ್ಯೂಬ್. ಒಮ್ಮೆ ಭರಮಸಾಗರದ ಹತ್ತಿರ ಹೆದ್ದಾರಿಯಲ್ಲಿ ನನ್ನ ಹಿಂದಿನ ಚಕ್ರಕ್ಕೆ ಮೊಳೆ ಹೊಕ್ಕಿತು. ಗಾಳಿ ಒಂದೇ ಸಲಕ್ಕೆ ಹೋಯಿತು, ಗಾಡಿ ಹಾವಿನ ಹಾಗೆ ಹೊರಳಾಡಿತು. ಸದ್ಯ, ಹಿಂದೆ ಲಾರಿ ಇರಲಿಲ್ಲ. ಟ್ಯೂಬ್‌ಲೆಸ್ ಆಗಿದ್ದರೆ ಗಾಳಿ ನಿಧಾನಕ್ಕೆ ಇಳಿದು, ನಿಲ್ಲಿಸಲು ಸಮಯ ಸಿಗುತ್ತಿತ್ತು. 2023ರಿಂದ ಕಂಪನಿಯೇ ಇದೇ ಗಾಡಿಯ ಕೆಲವು ಮಾದರಿಗಳಿಗೆ ಅಲಾಯ್ ಚಕ್ರ (ಕಡ್ಡಿಯಿಲ್ಲದ ಎರಕದ ಚಕ್ರ), ಟ್ಯೂಬ್‌ಲೆಸ್ ಟೈರ್ ಕೊಡುತ್ತಿದೆ. ಅಲಾಯ್‌ಗೆ ಹೋಗುವುದಾದರೆ ಎಬಿಎಸ್ ರಿಂಗ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆಯ ರಿಂಗ್), ಬ್ರೇಕ್ ಡಿಸ್ಕ್ ಎರಡೂ ಸರಿಯಾಗಿ ಕೂರುತ್ತವಾ ಅಂತ ಕೇಳಿಯೇ ದುಡ್ಡು ಕೊಡಿ.

ಮನೆಯವರ ಸೊಂಟದ ವಿಷಯ. ಹೊಸ ಶಾಕ್ ಅಬ್ಸಾರ್ಬರ್ ಕೊಳ್ಳುವ ಮೊದಲು ಈಗಿರುವುದನ್ನೇ ಹೊಂದಿಸಿ ನೋಡಿ. ಸ್ಪ್ರಿಂಗ್ ಬಿಗಿ ಮಾಡಲು ಐದು ಹಂತ ಇವೆ. ಇಬ್ಬರು ಕೂತಾಗ ಗುಂಡಿಯಲ್ಲಿ ಹಿಂಭಾಗ ಪೂರ್ತಿ ಕುಸಿದು ಧಡ್ ಅಂದರೆ, ಒಂದೆರಡು ಹಂತ ಬಿಗಿ ಮಾಡಿ. ಎರಡೂ ಕಡೆ ಒಂದೇ ಹಂತದಲ್ಲಿರಲಿ. ಆಗಲೂ ಹಾಗೇ ಇದ್ದರೆ, ಇಲ್ಲವೇ ಶಾಕಿನಿಂದ ಎಣ್ಣೆ ಜಿನುಗುತ್ತಿದ್ದರೆ, ಒಳ್ಳೆಯ ಜೋಡಿ ಹಾಕಿಸಿ. ಸೀಟಿನ ಫೋಮ್ ಬದಲಾವಣೆ ಆಮೇಲಿನ ಮಾತು.

ಬ್ರೇಕ್ ಆಯಿಲ್ ಎರಡು ವರ್ಷದಿಂದ ಬದಲಿಸಿಲ್ಲ ಅಂದರೆ ಇದೇ ವಾರ ಬದಲಿಸಿ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ. ಹಿಂದೆ ಒಬ್ಬರು ಒತ್ತಿ ಹಿಡಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಹ್ಯಾಂಡಲನ್ನು ಎರಡೇ ಬೆರಳಿನಲ್ಲಿ ನಿಧಾನಕ್ಕೆ ಆ ಕಡೆ ಈ ಕಡೆ ತಿರುಗಿಸಿ. ನಡುವೆ ಬಂದಾಗ ಕಚ್ಚಿಕೊಂಡ ಹಾಗೆ ಅನಿಸಿದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಸವೆದಿದೆ. ಹೊಸದು ಹಾಕಿಸದೆ ಹೆದ್ದಾರಿಗೆ ಇಳಿಯಬೇಡಿ.