ನಾಲ್ಕು ತಿಂಗಳು ನಿಂತ ಬೈಕು

ಪ್ರಶ್ನೆ: ಚಳಿಗಾಲ ಶುರುವಾದಾಗ ಬೈಕಿಗೆ ಹೊದಿಕೆ ಹಾಕಿ ಶೆಡ್‌ನಲ್ಲಿ ನಿಲ್ಲಿಸಿದ್ದೆ. ನಾಲ್ಕು ತಿಂಗಳಾಯ್ತು. ಮೊನ್ನೆ ತೆಗೆದಾಗ ಸ್ಟಾರ್ಟರ್ ಚೆನ್ನಾಗಿ ತಿರುಗಿತು, ಎಂಜಿನ್ ಮಾತ್ರ ಹಿಡಿಯಲಿಲ್ಲ. ಹತ್ತು ನಿಮಿಷ ಒತ್ತುತ್ತಲೇ ಇದ್ದೆ. ಈಗ ಬರೀ ಟಕ್ ಟಕ್ ಸದ್ದು. ಹನ್ನೆರಡು ವರ್ಷದ ಕಾರ್ಬುರೇಟರ್ ಬೈಕು ಸರ್. ಹೊಸ ಬ್ಯಾಟರಿ ಹಾಕಿಸಲೇ?

ಉತ್ತರ: ಸ್ವಲ್ಪ ತಡೀರಿ. ಸ್ಟಾರ್ಟರ್ ಮೊದಲು ಚೆನ್ನಾಗಿ ತಿರುಗಿತ್ತು ಅಂತ ನೀವೇ ಬರೆದಿದ್ದೀರಿ. ಅಂದರೆ ಆಗ ಬ್ಯಾಟರಿಗೆ ಜೀವ ಇತ್ತು. ಅದನ್ನು ಖಾಲಿ ಮಾಡಿದ್ದು ಚಳಿಯಲ್ಲ, ನಿಮ್ಮ ಹೆಬ್ಬೆರಳು! ಈಗ ಕೇಳುವ ಟಕ್ ಟಕ್ ರಿಲೇಯದು, ಅಂದರೆ ಸ್ಟಾರ್ಟರ್ ಮೋಟರಿಗೆ ಕರೆಂಟು ಬಿಡುವ ಸ್ವಿಚ್ಚಿನದು. ಮೋಟರ್ ತಿರುಗಿಸುವಷ್ಟು ಕರೆಂಟು ಉಳಿದಿಲ್ಲ, ಅಷ್ಟೇ. ಎಂಜಿನ್ ಹಿಡಿಯದಿರುವುದು ಬೇರೆಯೇ ಕಾಯಿಲೆ.

ಮೊದಲು ಹ್ಯಾಂಡಲ್ ಮೇಲಿನ ಕೆಂಪು ಕಿಲ್ ಸ್ವಿಚ್ ನೋಡಿ. ನಗಬೇಡಿ. ಕೆಲವು ಬೈಕುಗಳಲ್ಲಿ ಅದು ಆಫ್ ಇದ್ದರೂ ಸ್ಟಾರ್ಟರ್ ತಿರುಗುತ್ತದೆ, ಕಿಡಿ ಮಾತ್ರ ಬರುವುದಿಲ್ಲ. ನನ್ನ ಹಳೇ ಬೈಕು ಹಾಗೇ ಇತ್ತು. ಒಂದು ಸಲ ಹೊದಿಕೆ ಎಳೆಯುವಾಗ ಸ್ವಿಚ್ ಸರಿದಿದೆ, ನನಗೆ ಗೊತ್ತಾಗಿಲ್ಲ. ಪ್ಲಗ್ ಬದಲಾಯಿಸಿದೆ, ಟ್ಯಾಂಕ್ ಇಳಿಸಿದೆ, ಅರ್ಧ ದಿನ ಮೈಕೈ ಕಪ್ಪು ಮಾಡಿಕೊಂಡೆ. ಪಕ್ಕದ ಮನೆ ಹುಡುಗ ಬಂದು, "ಅಂಕಲ್, ಇದು ಆಫ್ ಇದೆಯಲ್ಲಾ?" ಅಂದ. ಅವತ್ತಿನಿಂದ ಮೊದಲು ಕೈ ಹೋಗುವುದು ಅಲ್ಲಿಗೇ.

ಅದು ಸರಿಯಿದ್ದರೆ ಬ್ಯಾಟರಿ ಬಿಚ್ಚಿ ಚಾರ್ಜಿಗೆ ಹಾಕಿ. ಬಿಚ್ಚುವಾಗ ಮೈನಸ್ ವೈರು ಮೊದಲು, ಹಾಕುವಾಗ ಅದು ಕೊನೆಗೆ. ನಿಧಾನವಾಗಿ ಚಾರ್ಜ್ ಮಾಡಿ. 9 ಆಂಪಿಯರ್-ಅವರ್ ಬ್ಯಾಟರಿಗೆ ಸುಮಾರು 0.9 ಆಂಪಿಯರ್ ಸಾಕು. ಚಾರ್ಜ್ ಆದ ಮೇಲೆ ಕೆಲವು ಗಂಟೆ ಸುಮ್ನೆ ಬಿಟ್ಟು ಅಳೆಯಿರಿ. 12.6 ವೋಲ್ಟ್ ಅಥವಾ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು. ಸ್ಟಾರ್ಟರ್ ಒತ್ತಿದಾಗ 9.5ಕ್ಕಿಂತ ಕೆಳಗೆ ಕುಸಿದರೆ ಮಾತ್ರ ಹೊಸದರ ಯೋಚನೆ ಮಾಡಿ.

ಬ್ಯಾಟರಿ ಚಾರ್ಜ್ ಆಗುತ್ತಿರುವಾಗ ನಿಜವಾದ ಕಳ್ಳನನ್ನು ಹುಡುಕೋಣ. ನನ್ನ ಅನುಮಾನ ಪೆಟ್ರೋಲ್ ಮೇಲೆ. ನಾಲ್ಕು ತಿಂಗಳು ನಿಂತರೆ ಅದರಲ್ಲಿ ಬೇಗ ಹತ್ತಿಕೊಳ್ಳುವ ಹಗುರ ಅಂಶವೇ ಮೊದಲು ಹಾರಿಹೋಗುತ್ತದೆ. ಚಳಿ ಎಂಜಿನ್ ಏಳುವುದಕ್ಕೆ ಬೇಕಾಗುವುದೂ ಅದೇ. ಟ್ಯಾಂಕಿಗಿಂತ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬಟ್ಟಲಿನಲ್ಲಿ ಉಳಿದ ಚೂರುಪಾರು ಪೆಟ್ರೋಲ್ ಬೇಗ ಕೆಡುತ್ತದೆ. ಬಟ್ಟಲಿನ ತಳದಲ್ಲಿ ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಹತ್ತಿರ ಬೆಂಕಿ ಇಲ್ಲದ ಕಡೆ, ಕೆಳಗೆ ಡಬ್ಬಿ ಹಿಡಿದು ಅದನ್ನು ಸಡಿಲಿಸಿ. ಮೂಸಿ ನೋಡಿ. ಪೆಟ್ರೋಲಿನ ಚುರುಕು ವಾಸನೆ ಹೋಗಿ ಹಳೇ ಪೇಂಟಿನ ವಾಸನೆ ಬರುತ್ತಿದ್ದರೆ, ಬಣ್ಣ ಗೋಂದಿನ ಹಾಗೆ ಕಂದಾಗಿದ್ದರೆ, ಕಳ್ಳ ಸಿಕ್ಕಿದ. ಟ್ಯಾಂಕಿನದನ್ನೂ ತೆಗೆದು ಹೊಸದು ಹಾಕಿ.

ಬಟ್ಟಲು ಒಣಗಿಹೋಗಿದ್ದರೆ? ಕೆಲವು ಬೈಕುಗಳ ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಎಂಜಿನ್ ತಿರುಗಿದರೆ ಮಾತ್ರ ಪೆಟ್ರೋಲ್ ಬಿಡುತ್ತದೆ. ಅದರಲ್ಲಿ 'ಪಿಆರ್‌ಐ' (PRI, ಅಂದರೆ ಪ್ರೈಮ್: ಎಂಜಿನ್ ತಿರುಗದೆಯೂ ಪೆಟ್ರೋಲ್ ಬಿಡುವ ಸ್ಥಾನ) ಅಂತ ಗುರುತಿದ್ದರೆ ಒಂದೆರಡು ನಿಮಿಷ ಅಲ್ಲಿಡಿ, ಬಟ್ಟಲು ತಾನಾಗಿ ತುಂಬುತ್ತದೆ. ಆಮೇಲೆ ಚೋಕ್ ಪೂರ್ತಿ ಎಳೆಯಿರಿ, ಆಕ್ಸಿಲರೇಟರ್ ಮುಟ್ಟಬೇಡಿ. ಐದು ಸೆಕೆಂಡ್ ಒತ್ತಿ, ಅರ್ಧ ನಿಮಿಷ ಬಿಡಿ. ಮೂರ್ನಾಲ್ಕು ಸಲ ಆದರೂ ಏಳದಿದ್ದರೆ ಪ್ಲಗ್ ಬಿಚ್ಚಿ. ತುದಿ ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಜಾಸ್ತಿ ಬಂದಿದೆ, ಇಲ್ಲವೇ ಕಿಡಿ ಇಲ್ಲ. ಒರೆಸಿ ಒಣಗಿಸಿ ಹಾಕಿ, ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಒಮ್ಮೆ ಒತ್ತಿ.

ಚೋಕ್ ಎಳೆದಿರುವಾಗ ಎಂಜಿನ್ ಓಡಿ, ಒಳಗೆ ತಳ್ಳಿದ ಕೂಡಲೇ ಆಫ್ ಆದರೆ ಪೈಲಟ್ ಜೆಟ್ (ಆಕ್ಸಿಲರೇಟರ್ ಕೊಡದಿರುವಾಗ ಪೆಟ್ರೋಲ್ ಬಿಡುವ, ಕಾರ್ಬುರೇಟರ್ ಒಳಗಿನ ಸಣ್ಣ ತೂತಿನ ತುಂಡು) ಕಟ್ಟಿಕೊಂಡಿದೆ. ಅದರ ತೂತು ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮಾಡಿ, ಗಾಳಿ ಊದಿ. ತಂತಿ ಮಾತ್ರ ತೂರಿಸಬೇಡಿ. ನಾನು ತೂರಿಸಿದ್ದೆ. ತೂತು ದೊಡ್ಡದಾಗಿ ಬೈಕು ಹೊಗೆ ಕಾರಿತು, ಕೊನೆಗೆ ಹೊಸ ಜೆಟ್ಟೇ ಬೇಕಾಯ್ತು.

ಅಂದಹಾಗೆ, ಏರ್ ಫಿಲ್ಟರ್ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿ. ಇಲಿಗೆ ಅದಕ್ಕಿಂತ ಬೆಚ್ಚನೆಯ ಮನೆ ಬೇಕಾ? ಮತ್ತೆ, ಈ ಸ್ಟಾರ್ಟ್ ಮಾಡುವ ಕೆಲಸವನ್ನೆಲ್ಲ ಶೆಡ್‌ನಿಂದ ಹೊರಗೆ ತಂದು ಮಾಡಿ. ಮುಚ್ಚಿದ ಜಾಗದಲ್ಲಿ ಎಂಜಿನ್ ಹೊಗೆ ಜೀವಕ್ಕೇ ಅಪಾಯ.

ಪ್ರಶ್ನೆ: ನಿಲ್ಲಿಸಿಟ್ಟ ಬೈಕನ್ನು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕಲ್ವಾ?

ಉತ್ತರ: ಬೇಡ. ಪೆಟ್ರೋಲ್ ಉರಿದಾಗ ನೀರಾವಿಯೂ ಬರುತ್ತದೆ. ಐದು ನಿಮಿಷದಲ್ಲಿ ಎಂಜಿನ್ ಸರಿಯಾಗಿ ಕಾಯುವುದಿಲ್ಲ, ಆ ನೀರು ಆಯಿಲ್‌ನಲ್ಲೂ ಸೈಲೆನ್ಸರ್‌ನಲ್ಲೂ ಕೂರುತ್ತದೆ. ಸ್ಟಾರ್ಟ್ ಮಾಡಲು ಖರ್ಚಾದ ಚಾರ್ಜೂ ಅಷ್ಟರಲ್ಲಿ ವಾಪಸ್ ಬರುವುದಿಲ್ಲ. ಅರ್ಧ ಗಂಟೆ ಓಡಿಸುವ ಹಾಗಿದ್ದರೆ ತೆಗೆಯಿರಿ. ಇಲ್ಲದಿದ್ದರೆ ಟ್ಯಾಂಕ್ ತುಂಬಿಸಿ, ಕಾಕ್ ಮುಚ್ಚಿ ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿ, ಬ್ಯಾಟರಿ ಬಿಚ್ಚಿ ಮನೆಯೊಳಗೆ ತಂದಿಡಿ. ಅದಕ್ಕೆ ತಿಂಗಳಿಗೊಮ್ಮೆ ಚಾರ್ಜ್ ಕೊಡಿ.