ವೈವಿಧ್ಯ ಇದೆ ಅಂದವರೇ ‘ನಮ್ಮ ಜಾಗ ಅಲ್ಲ’ ಅಂದರೆ?

ನಿಮ್ಮ ಸಮೀಕ್ಷೆಯಲ್ಲಿ ಹೆಚ್ಚಿನವರು ಕ್ಯಾಂಪಸ್ಸಿನಲ್ಲಿ ಎಲ್ಲ ಬಗೆಯ ಜನ ಇದ್ದಾರೆ ಎಂದು ಒಪ್ಪಿದ್ದಾರೆ, ಅವರಲ್ಲೇ ಹಲವರು ‘ಇದು ನನ್ನ ಜಾಗ ಅನ್ನಿಸಲ್ಲ’ ಅಂದಿದ್ದಾರೆ. ಪ್ರಶ್ನಾವಳಿಯೇ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ನನಗೇನೋ ಕೆಟ್ಟಂತೆ ಕಾಣಲಿಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದನ್ನು ಹಾಜರಿ ಪಟ್ಟಿ ನೋಡಿಯೇ ಹೇಳಬಹುದು. ಎರಡನೆಯದು ಗೊತ್ತಾಗುವುದು, ಪ್ರಾಜೆಕ್ಟಿಗೆ ‘ನೀವೇ ಗುಂಪು ಮಾಡಿಕೊಳ್ಳಿ’ ಅಂದಾಗ ಯಾರೂ ಕರೆಯದೆ ಕೊನೆಗೆ ಉಳಿಯುವವರು ಯಾರು ಅನ್ನುವುದರಲ್ಲಿ.

ಒಟ್ಟು ಸರಾಸರಿಯನ್ನು ನಂಬಬೇಡಿ. ದೊಡ್ಡ ಗುಂಪಿನ ಉತ್ತರದಲ್ಲಿ ಸಣ್ಣ ಗುಂಪಿನದು ಮುಳುಗಿಹೋಗುತ್ತೆ. ಗುಂಪುವಾರು ಬಿಡಿಸಿ ನೋಡಿ. ಆದರೆ ನಾಲ್ಕೈದೇ ಜನ ಇರುವ ಗುಂಪಿನ ಅಂಕಿ ಪ್ರಕಟಿಸಬೇಡಿ, ಯಾರು ಏನಂದರು ಅಂತ ಸಹಪಾಠಿಗಳಿಗೆ ತಕ್ಷಣ ತಿಳಿಯುತ್ತೆ.

ಅಮೆರಿಕದ ಮನೋವಿಜ್ಞಾನಿಗಳಾದ ವಾಲ್ಟನ್ ಮತ್ತು ಕೋಹೆನ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಓದಿ. ‘ಶುರುವಿನಲ್ಲಿ ಪರಕೀಯ ಅನ್ನಿಸುವುದು ಎಲ್ಲರಿಗೂ ಸಹಜ, ಕ್ರಮೇಣ ಹೋಗುತ್ತೆ’ ಎನ್ನುವ ಹಿರಿಯ ವಿದ್ಯಾರ್ಥಿಗಳ ಅನುಭವವನ್ನು ಮೊದಲ ವರ್ಷದವರಿಗೆ ಓದಿಸಿದರು. ಸುಮಾರು ಒಂದು ಗಂಟೆಯ ಕೆಲಸ. ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳ ಅಂಕ ಮುಂದಿನ 3 ವರ್ಷಗಳಲ್ಲಿ ಏರಿ, ಬಿಳಿಯರೊಂದಿಗಿನ ಅಂತರ ಅರ್ಧಕ್ಕೆ ಇಳಿಯಿತು. ಮಾದರಿ ಚಿಕ್ಕದು, ನೂರು ಜನರೂ ಇರಲಿಲ್ಲ. (ಖರ್ಚಿಲ್ಲದ ಉಪಾಯ ಅಂತ ಆಡಳಿತದವರಿಗೆ ಇದು ಬಲು ಇಷ್ಟ. ತಾರತಮ್ಯ ನಿಜಕ್ಕೂ ನಡೆಯುತ್ತಿರುವ ಕಡೆ ‘ಕ್ರಮೇಣ ಹೋಗುತ್ತೆ’ ಅನ್ನುವುದು ಬರೀ ಸಮಾಧಾನ.)

ಮುಂದಿನ ಸುತ್ತಿಗೆ ಒಂದೆರಡು ಪ್ರಶ್ನೆ ಸೇರಿಸಿ: ನಿಮ್ಮ ಹೆಸರನ್ನು ಸರಿಯಾಗಿ ಕರೆಯುವ ಅಧ್ಯಾಪಕರು ಎಷ್ಟು ಜನ? ಒಂದು ವಾರ ಕ್ಲಾಸಿಗೆ ಬರದಿದ್ದರೆ ಯಾರು ವಿಚಾರಿಸುತ್ತಾರೆ?