ನಿಷೇಧಾಜ್ಞೆ: ಪದ ಎಲ್ಲಿಯದು, ಅದರ ಅಧಿಕಾರ ಎಲ್ಲಿಯವರೆಗೆ?

ಪ್ರಶ್ನೆ: ಒಂದೇ ಆದೇಶವನ್ನು ಒಬ್ಬರು ‘ನಿಷೇಧಾಜ್ಞೆ’ ಅನ್ನುತ್ತಾರೆ, ಇನ್ನೊಬ್ಬರು ‘ಪ್ರತಿಬಂಧಕಾಜ್ಞೆ’ ಅನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ‘144 ಹಾಕಿದ್ದಾರೆ’ ಎಂದು ಬರುತ್ತದೆ. ‘ತಡೆಯಾಜ್ಞೆ’ಯೂ ಇದೇ ಏನು? ಪದದ ಮೂಲವನ್ನೂ ತಿಳಿಸಿ.
– ಓದುಗರು, ಸಕಲೇಶಪುರ

ಉತ್ತರ: ಮೊದಲ ಮೂರು ಒಂದೇ, ತಡೆಯಾಜ್ಞೆ ಬೇರೆ. ಅದು ನ್ಯಾಯಾಲಯ ಕೊಡುವಂಥದ್ದು. ಜಮೀನಿನ ವ್ಯಾಜ್ಯದಲ್ಲಿ ಎದುರು ಪಕ್ಷದವರು ಬೇಲಿ ಹಾಕದಂತೆ ತರುವ ಆದೇಶ ಆ ಗುಂಪಿನದು. ದಾವೆಯ ಪಕ್ಷಗಾರರನ್ನು ಕಟ್ಟಿಹಾಕುತ್ತದೆಯೇ ಹೊರತು ಊರನ್ನಲ್ಲ.

ಮೂಲಕ್ಕೆ ಬಂದರೆ, ‘ನಿ’ ಉಪಸರ್ಗ, ‘ಸಿಧ್’ ಧಾತು. ಈ ಧಾತುವಿಗೆ ಹೋಗು, ಓಡಿಸು, ಅಟ್ಟು ಎಂಬ ಅರ್ಥಗಳಿವೆ. ‘ಸಿದ್ಧಿ’, ‘ಸಿದ್ಧ’ ಪದಗಳ ಹಿಂದಿರುವ ‘ಸಿಧ್’ ನೋಡಲು ಹೀಗೇ ಇದ್ದರೂ ಬೇರೆ ಧಾತು, ಕೈಗೂಡು ಎಂಬ ಅರ್ಥದ್ದು. ‘ಇ’ಕಾರದ ಉಪಸರ್ಗ ಮುಂದೆ ಬಂದಾಗ ‘ಸ’ಕಾರ ‘ಷ’ಕಾರವಾಗುತ್ತದೆ. ಅಭಿಷೇಕ, ಪ್ರತಿಷ್ಠೆ ಆದದ್ದೂ ಪಾಣಿನಿಯ ಅದೇ ಸೂತ್ರದಿಂದ. ಆದ್ದರಿಂದ ಫಲಕಗಳಲ್ಲಿ ಕಾಣುವ ‘ನಿಶೇಧ’, ‘ನಿಷೇದ’ ಎರಡೂ ತಪ್ಪು.

ಪದಕ್ಕೆ ಶಾಸ್ತ್ರೀಯ ತೂಕ ಕೊಟ್ಟವರು ಮೀಮಾಂಸಕರು, ಅಂದರೆ ವೇದವಾಕ್ಯಗಳ ಅರ್ಥ ನಿರ್ಣಯಿಸುವ ಶಾಸ್ತ್ರದವರು. ಮಾಡು ಎನ್ನುವುದು ವಿಧಿ. ಮನುಷ್ಯನನ್ನು ಒಂದು ಕೆಲಸದಿಂದ ಹಿಂದಕ್ಕೆ ತಿರುಗಿಸುವ ವಾಕ್ಯ ನಿಷೇಧ. ಅವರು ಸದಾ ಕೊಡುವ ಉದಾಹರಣೆ ‘ನ ಕಲಂಜಂ ಭಕ್ಷಯೇತ್’, ಕಲಂಜವನ್ನು (ವಿಷಬಾಣ ತಗುಲಿದ ಪ್ರಾಣಿಯ ಮಾಂಸ ಎನ್ನುತ್ತಾರೆ) ತಿನ್ನಬಾರದು. ಜೊತೆಗೆ ಇನ್ನೊಂದು ಮಾತು ಸೇರಿಸಿದರು: ಪ್ರಾಪ್ತಿ ಇದ್ದಲ್ಲಿ ಮಾತ್ರ ನಿಷೇಧ. ಯಾರೂ ಮಾಡಲು ಹೊರಡದ ಕೆಲಸವನ್ನು ನಿಷೇಧಿಸುವುದರಲ್ಲಿ ಅರ್ಥವಿಲ್ಲ. ಇಂದಿನ ಆದೇಶಗಳನ್ನು ಓದಲೂ ಇದೇ ಕೀಲಿಕೈ ಎನ್ನಬೇಕು. ಕಳ್ಳತನಕ್ಕೆ ನಿಷೇಧಾಜ್ಞೆ ಬೇಕಾಗಿಲ್ಲ, ಅದು ಎಂದೂ ಅಪರಾಧವೇ. ಸಂತೆಪೇಟೆಯಲ್ಲಿ ಹತ್ತು ಜನ ನಿಂತು ಮಾತಾಡುವುದು ಮಾಮೂಲಿ ದಿನ ತಪ್ಪಲ್ಲ, ಆದೇಶವಿದ್ದ ದಿನ ತಪ್ಪು. ಹಕ್ಕಾಗಿರುವುದನ್ನೇ ಕೆಲಕಾಲ ತಡೆಯುವುದರಿಂದಲೇ ಇದಕ್ಕೆ ಅವಧಿ, ಗಡಿ, ಕಾರಣ ಮೂರೂ ಬೇಕು.

‘ಆಜ್ಞೆ’ಯ ತದ್ಭವ ‘ಆಣೆ’. ‘ದೇವರಾಣೆ’ ಅನ್ನುವಾಗ ಬಾಯಲ್ಲಿರುವುದು ಅದೇ ಪದ. ಅಂದಹಾಗೆ ನಿಷೇಧ ಎನ್ನದೆಯೂ ನಿಷೇಧಿಸಬಹುದು: ನಿಮ್ಮ ಜಿಲ್ಲೆಯದೇ ಆದ, ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ದತ್ತಿಯನ್ನು ಹಾಳುಮಾಡಿದವರಿಗೆ ಮಹಾಪಾತಕ ಎಂದಷ್ಟೇ ಹೇಳಿ ಮುಗಿಸುತ್ತದೆ. ನಿಷೇಧಕ್ಕೆ ಉತ್ತರ ಕರ್ನಾಟಕದಲ್ಲಿ ಹೇಳುವ ‘ಮನಾಯಿ’ ಅರಬ್ಬಿ ಮೂಲದ್ದು, ಮರಾಠಿಯ ದಾರಿಯಲ್ಲಿ ಬಂತು.

ಇನ್ನು ‘144’. ಅದು 1973ರ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163 ಆ ಜಾಗದಲ್ಲಿದೆ. ಜನರ ಬಾಯಲ್ಲಿ ಮಾತ್ರ ಹಳೆಯ ಸಂಖ್ಯೆಯೇ ಉಳಿದಿದೆ. ಆದೇಶ ಹೊರಡಿಸುವವರು ಜಿಲ್ಲಾ ದಂಡಾಧಿಕಾರಿಗಳು (ಅಂದರೆ ಜಿಲ್ಲಾಧಿಕಾರಿ), ಉಪವಿಭಾಗ ದಂಡಾಧಿಕಾರಿಗಳು, ಇಲ್ಲವೇ ಸರ್ಕಾರ ವಿಶೇಷವಾಗಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗಳು. ಆದೇಶ ಲಿಖಿತವಾಗಿರಬೇಕು, ಕಾರಣವಾದ ಸಂಗತಿಗಳನ್ನು ಹೇಳಿರಬೇಕು. ಎರಡು ತಿಂಗಳಿಗಿಂತ ಹೆಚ್ಚು ನಡೆಯದು. ರಾಜ್ಯ ಸರ್ಕಾರ ಬೇಕಾದರೆ ಮತ್ತೆ ಆರು ತಿಂಗಳವರೆಗೆ ವಿಸ್ತರಿಸಬಹುದು. ಮತ್ತೆ ಮತ್ತೆ ಅದೇ ಆದೇಶ ಹೊರಡಿಸುತ್ತಾ ಹೋಗುವುದು ಅಧಿಕಾರದ ದುರುಪಯೋಗ ಎಂದು ಸುಪ್ರೀಂ ಕೋರ್ಟ್ 2020ರ ಅನುರಾಧಾ ಭಸೀನ್ ಪ್ರಕರಣದಲ್ಲಿ ಹೇಳಿದೆ.

ಜನ ಎಡವುವುದು ‘ಐದು ಮಂದಿ ಸೇರಬಾರದು’ ಎಂಬ ವಿಷಯದಲ್ಲಿ. ಸೆಕ್ಷನ್ 163ರಲ್ಲಿ ಆ ಸಂಖ್ಯೆಯೇ ಇಲ್ಲ. ಅಕ್ರಮ ಕೂಟದ ವ್ಯಾಖ್ಯೆಯಲ್ಲಿರುವ ‘ಐದು ಅಥವಾ ಹೆಚ್ಚು’ ಎಂಬುದನ್ನು ಆದೇಶ ಬರೆಯುವವರು ಬಳಸುತ್ತಾರೆ. ಹಾಗಾಗಿ ಆದೇಶದ ಪ್ರತಿ ಸಿಕ್ಕರೆ ಸಹಿ ಯಾರದು, ಯಾವ ಗಡಿ, ಯಾವ ಗಂಟೆಯಿಂದ ಯಾವ ಗಂಟೆವರೆಗೆ, ಮದುವೆ–ಶವಸಂಸ್ಕಾರಕ್ಕೆ ವಿನಾಯಿತಿ ಬರೆದಿದೆಯೇ ಎಂದು ನೋಡಿ. ಪರೀಕ್ಷಾ ಕೇಂದ್ರದ ಸುತ್ತ ಹೊರಡಿಸುವ ಆದೇಶ ಊರಿಗೆಲ್ಲ ಅನ್ವಯಿಸುವುದಿಲ್ಲ. ತೊಂದರೆಯಾದವರು ರದ್ದತಿಗೆ, ಬದಲಾವಣೆಗೆ ಆದೇಶ ಹೊರಡಿಸಿದ ಅಧಿಕಾರಿಗೇ ಅರ್ಜಿ ಕೊಡಬಹುದು. ಮೀರಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 223: ಆರು ತಿಂಗಳವರೆಗೆ ಸಾದಾ ಸೆರೆ ಅಥವಾ ₹2,500ವರೆಗೆ ದಂಡ, ಅಥವಾ ಎರಡೂ. ಜೀವಕ್ಕೆ ಅಪಾಯ ಒಡ್ಡಿದರೆ ಒಂದು ವರ್ಷ, ₹5,000.

ಪ್ರಶ್ನೆ: ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ‘ಭಾರೀ ವಾಹನ ಸಂಚಾರ ನಿಷೇಧ’ ಎಂದು ಹಾಕುತ್ತಾರಲ್ಲ, ಅದೂ ನಿಷೇಧಾಜ್ಞೆಯೇ?
– ಓದುಗರು, ಮೂಡಿಗೆರೆ

ಉತ್ತರ: ಅಂಥ ಆದೇಶಕ್ಕೆ ಸಾಮಾನ್ಯವಾಗಿ ಆಧಾರ ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 115. ಅಲ್ಲಿ ನಿರ್ಬಂಧ ವಾಹನಕ್ಕೆ, ಗುಂಪುಗೂಡುವುದಕ್ಕಲ್ಲ. ಒಂದು ತಿಂಗಳು ಮೀರದ ನಿರ್ಬಂಧವಾದರೆ ರಾಜ್ಯಪತ್ರದಲ್ಲಿ ಪ್ರಕಟಿಸಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ಆದ್ದರಿಂದ ‘ಗೆಜೆಟ್‌ನಲ್ಲಿ ಬಂದಿಲ್ಲ’ ಎಂದು ಚೆಕ್‌ಪೋಸ್ಟ್‌ನಲ್ಲಿ ವಾದಿಸಿ ಪ್ರಯೋಜನವಿಲ್ಲ. ಲಾರಿ ಲೋಡ್ ಮಾಡುವ ಮೊದಲೇ ಜಿಲ್ಲಾಧಿಕಾರಿ ಕಚೇರಿಯ ಪ್ರಕಟಣೆ ನೋಡಿ: ಭಾರೀ ವಾಹನ ಎಂದರೆ ಯಾವುವು, ಬದಲಿ ಮಾರ್ಗ ಯಾವುದು ಎಂಬುದು ಅದರಲ್ಲೇ ಇರುತ್ತದೆ.